ಮಾಳಿ ಆಡುವ ಪರೀಕ್ಷೆ

ನೆಲೋಗಿ, ಜೇವರ್ಗಿ ತಾಲೂಕು
12 ನವೆಂಬರ್ 1944

ಸುಮಿತ್ರಾಬಾಯಿಯವರಿಗೆ ನಮಸ್ಕಾರಗಳು.

ನಾನು ದೇವೀಂದ್ರಪ್ಪ, ನೆಲೋಗಿಯಲ್ಲಿ ಕನ್ನಡ ಕಲಿಸುವ ಮಾಸ್ತರ. ನಮ್ಮಿಬ್ಬರಿಗೆ ಮುಖ ಪರಿಚಯವಿಲ್ಲ. ಮಕ್ಕಳ ಬುದ್ಧಿ ಪರೀಕ್ಷಿಸುವ ಡಾಕ್ಟರ್ ಬಸವಂತರಾಯರ ಸಹಾಯಕಿಯಾಗಿ ನೀವು ಆಳಂದಕ್ಕೆ ಬಂದಿದ್ದೀರಿ, ಕಲಿಕೆಯಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಊರೂರಿಗೆ ಹೋಗಿ ನೋಡುತ್ತೀರಿ ಎಂದು ಜೇವರ್ಗಿಯ ಸಂತೆಯಲ್ಲಿ ಕೇಳಿದೆ. ಅದಕ್ಕೇ ಈ ಧೈರ್ಯ.

ಅಫಜಲಪುರ ತಾಲೂಕಿನ ಕರಜಗಿಯಲ್ಲಿ ಮಾಳಮ್ಮ ಎಂಬ ಹುಡುಗಿ ಇದ್ದಾಳೆ. ಎಲ್ಲರ ಬಾಯಲ್ಲೂ ಮಾಳಿ. ಒಂಬತ್ತು ತುಂಬಿದೆ. ಕೇರಿಯಲ್ಲಿ ಕೆರ ಹೊಲಿಯುವ ಹುಲೆಪ್ಪನ ಮಗಳು. ಕಿವಿ ಚೆನ್ನಾಗಿ ಕೇಳುತ್ತದೆ, ಮಾತು ಬರುವುದಿಲ್ಲ. ನಾನು ಮೊದಲು ಕರಜಗಿಯಲ್ಲೇ ಇದ್ದವನು, ಕಣ್ಣಾರೆ ಕಂಡದ್ದನ್ನೇ ಬರೆಯುತ್ತಿದ್ದೇನೆ. ಅಪ್ಪನ ಮುಂದೆ ಬಿದ್ದ ಜೋಡುಗಳ ರಾಶಿಯಲ್ಲಿ ಯಾವ ಎಡಕ್ಕೆ ಯಾವ ಬಲ ಎಂದು ಕಣ್ಣು ಮುಚ್ಚಿ ಬೆರಳಾಡಿಸಿ ಜೋಡಿಸಿಡುತ್ತಾಳೆ. "ದೇವರು ಬಾಯಿ ಕಸಗೊಂಡು ಕೈಗೆ ಕಣ್ಣು ಕೊಟ್ಟಾನ" ಎಂದು ಅವಳ ಅವ್ವ ದ್ರೌಪದಿ ಅನ್ನುತ್ತಾಳೆ.

ಡಾಕ್ಟರರು ಗುಲಬರ್ಗಾದಲ್ಲಿ ನಡೆಸುವ ವಸತಿ ಶಾಲೆಯಲ್ಲಿ ಮಾತು ಬಾರದ ಮಕ್ಕಳಿಗೆ ಓದು, ಕಸುಬು ಎರಡೂ ಕಲಿಸುತ್ತಾರಂತೆ. ಮಗುವಿಗೆ ಬುದ್ಧಿ ಇದೆ ಎಂದು ನೀವು ಬರೆದುಕೊಟ್ಟರೆ ಸೇರಿಸಿಕೊಳ್ಳುತ್ತಾರೆ, ಹತ್ತು ತುಂಬಿದರೆ ಇಲ್ಲ. ಅಲ್ಲಿ ಸೇರದಿದ್ದರೆ ಮುಂಗಾರಿಗೆ ಮಾಳಿಯನ್ನು ಗೌಡರ ದನದ ಮನೆಗೆ ಜೀತಕ್ಕೆ ಬಿಡುವುದು ಎಂದು ಮಾತಾಗಿದೆ. ಮಾತು ಬಾರದ ಹುಡುಗಿ ಯಾರ ಮೇಲೂ ದೂರು ಹೇಳುವುದಿಲ್ಲವಲ್ಲ, ಅವರಿಗೂ ಅಂಥವಳೇ ಬೇಕು.

ಒಮ್ಮೆ ಬಂದು ನೋಡಿ ತಾಯಿ.

ನಿಮ್ಮ ವಿಶ್ವಾಸಿ,
ದೇವೀಂದ್ರಪ್ಪ

✻

ಆಳಂದ
21 ನವೆಂಬರ್ 1944

ಮಾಸ್ತರರಿಗೆ ಶರಣು ಶರಣಾರ್ಥಿ.

ನಿಮ್ಮ ಕಾಗದ ಓದಿ ದಿನವೆಲ್ಲ ಖುಷಿಯಾಗಿದ್ದೆ. ನನಗೆ ಬರುವ ಕಾಗದಗಳ ಧಾಟಿಯೇ ಬೇರೆ: "ಹುಡುಗ ದಡ್ಡ, ಹೊಡೆದು ಹೊಡೆದು ಕೈ ನೋವಾಯಿತು, ಏನಾದರೂ ಔಷಧಿ ಕಳಿಸಿರಿ." ಮಗುವಿಗೆ ಏನು ಬರುತ್ತದೆ ಎಂದು ಬರೆದವರು ನೀವೊಬ್ಬರೇ. ನಿಮ್ಮ ಅಕ್ಷರ, ನಿಮ್ಮ ಭಾಷೆ ನೋಡಿದರೇ ಒಳ್ಳೆಯ ಮನೆತನದವರು ಎಂದು ಗೊತ್ತಾಗುತ್ತದೆ. ನಮ್ಮವರಲ್ಲಿ ಕೇರಿಯ ಮಗುವಿಗಾಗಿ ಇಷ್ಟು ಮಿಡಿಯುವವರು ಎಷ್ಟು ಜನ ಇದ್ದಾರೆ ಹೇಳಿ.

ಮಾತು ಬಾರದಿದ್ದರೆ ಚಿಂತೆಯಿಲ್ಲ. ಅಂಥವರಿಗಾಗಿಯೇ ನನ್ನ ಬಳಿ ಒಂದು ಮರದ ಹಲಗೆ ಇದೆ. ಅದರಲ್ಲಿ ಗುಂಡು, ಚೌಕ, ಮೂರು ಮೂಲೆ, ನಕ್ಷತ್ರ ಎಂದು ಗೂಡು ಕೊರೆದಿದ್ದಾರೆ. ಒಂದೊಂದೇ ತುಂಡು ಮಗುವಿನ ಕೈಗೆ ಕೊಡುವುದು, ಮಗು ಅದರದರ ಗೂಡಿಗೆ ಕೂಡಿಸುವುದು. ಇಷ್ಟೇ ಆಟ. ನಾನಿರುವ ಮನೆಯ ಒಡತಿ ಕಾಶಿಬಾಯಿ ಇದನ್ನು ನೋಡಿ, "ಯವ್ವಾ, ಪುಣೆತನಾ ಹೋಗಿ ಕಲ್ತು ಬಂದದ್ದು ಕಟಗಿ ಆಟ ಏನ್ಬೇ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಾಳಿ ಜೋಡು ಜೋಡಿಸುವುದು ನಿಜವಾದರೆ ಇದು ಅವಳಿಗೆ ನೀರು ಕುಡಿದಷ್ಟು ಸಲೀಸು. ಡಿಸೆಂಬರಿನಲ್ಲಿ ಕರಜಗಿಗೆ ಹೋಗುತ್ತೇನೆ. ನಮ್ಮಪ್ಪ ಬಸವಣ್ಣನವರ ಹಾದಿ ಹೇಳಿಯೇ ನನ್ನನ್ನು ಬೆಳೆಸಿದ್ದು. ನನ್ನ ಹಲಗೆಗೆ ಜಾತಿ ಇಲ್ಲ ಮಾಸ್ತರರೇ.

ಸುಮಿತ್ರಾಬಾಯಿ

✻

ಆಳಂದ
14 ಡಿಸೆಂಬರ್ 1944

ಮಾಸ್ತರರಿಗೆ ಶರಣು.

ಕರಜಗಿಗೆ ಹೋಗಿ ಬಂದೆ. ಪೆಟ್ರೋಲು ಸಿಗದ ಈ ಯುದ್ಧಕಾಲದಲ್ಲಿ ಇದ್ದಿಲಿನಿಂದ ಓಡುವ ಬಸ್ಸು ಅರ್ಧ ದಾರಿಯಲ್ಲಿ ಕೈ ಕೊಟ್ಟು, ಉಳಿದದ್ದನ್ನು ಗುಡುಸಾಬನೆಂಬವನ ಬಂಡಿಯಲ್ಲಿ ಮುಗಿಸಿದೆ. ಸೊಂಟ ಇನ್ನೂ ನೆಟ್ಟಗಾಗಿಲ್ಲ.

ನಿಮಗೆ ಬೇಸರದ ಸುದ್ದಿ ಬರೆಯಬೇಕಾಗಿದೆ. ಹೆಡ್‌ಮಾಸ್ತರ ಶಾಂತಲಿಂಗಪ್ಪನವರು ಶಾಲೆಯ ಕಟ್ಟೆಯ ಮೇಲೆ ವ್ಯವಸ್ಥೆ ಮಾಡಿದ್ದರು. ಎಲ್ಲ ಮಕ್ಕಳಾದ ಮೇಲೆ ಕೊನೆಗೆ ಮಾಳಿಯನ್ನು ಕರೆದೆ. ನನ್ನ ಕಡೆ ನೋಡಿ ನಕ್ಕಳು, ಹಲಗೆಯನ್ನೂ ಆಸೆಯಿಂದಲೇ ನೋಡಿದಳು. ಆದರೆ ತುಂಡು ಕೊಟ್ಟರೆ ಹಿಡಿಯಲಿಲ್ಲ, ಅದು ಕೆಳಗೆ ಬಿತ್ತು. ಆಮೇಲೆ ಏನು ಮಾಡಿದರೂ ಒಂದನ್ನೂ ಮುಟ್ಟಲಿಲ್ಲ. "ಹಾಕವ್ವಾ, ಹಾಕು" ಎಂದು ಎಷ್ಟು ಪುಸಲಾಯಿಸಿದೆ! ಗೊಂಬೆಯ ಹಾಗೆ ನಿಂತೇ ಇದ್ದಳು. ಹೇಳಿದ್ದು ಅವಳಿಗೆ ತಿಳಿಯುವುದಿಲ್ಲ ಎಂದೇ ಡಾಕ್ಟರರಿಗೆ ಬರೆದು ಕಳಿಸಿದ್ದೇನೆ. ಬೇರೆ ದಾರಿ ಇರಲಿಲ್ಲ.

ಜೋಡು ಜೋಡಿಸುವುದು ಅಪ್ಪನನ್ನು ನೋಡಿ ನೋಡಿ ಬಂದ ರೂಢಿ ಇರಬೇಕು. ರೂಢಿಯೇ ಬೇರೆ, ಬುದ್ಧಿಯೇ ಬೇರೆ. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ನಿಮ್ಮ ಕರ್ತವ್ಯ ನೀವು ಮಾಡಿದ್ದೀರಿ.

ಈ ಗದ್ದಲದಲ್ಲಿ ಹಲಗೆಯ ನಕ್ಷತ್ರದ ತುಂಡು ಕಳೆದುಹೋಯಿತು. ಈಗ ಆ ಗೂಡು ಖಾಲಿ.

ಸುಮಿತ್ರಾಬಾಯಿ

✻

ನೆಲೋಗಿ
23 ಡಿಸೆಂಬರ್ 1944

ಬಾಯಿಯವರಿಗೆ ನಮಸ್ಕಾರ.

ಅಷ್ಟು ದೂರ ಹೋಗಿ ಬಂದಿರಿ, ಉಪಕಾರವಾಯಿತು. ಸೊಂಟಕ್ಕೆ ಬಿಸಿ ಉಸುಕಿನ ಗಂಟಿನಿಂದ ಕಾವು ಕೊಡಿರಿ, ಬಂಡಿಯ ನೋವಿಗೆ ಅದೇ ಮದ್ದು.

ನನ್ನ ಶಾಲೆ ಹುಣಸೆಮರದ ಕೆಳಗೆ ನಡೆಯುತ್ತದೆ. ಮಕ್ಕಳು ಬೇಡ ಅನ್ನುವುದರಲ್ಲಿ ಅನೇಕ ಬಗೆ ಇರುವುದನ್ನು ಅಲ್ಲಿ ಕಂಡಿದ್ದೇನೆ. ತಿಳಿಯದಿದ್ದರೆ ಅತ್ತಿತ್ತ ನೋಡುತ್ತಾರೆ. ಆಟ ಬೇಡವಾದರೆ ಓಡಿಹೋಗುತ್ತಾರೆ. ಮಾಳಿ ಓಡಲಿಲ್ಲ, ನಿಂತಳು ಎಂದು ಬರೆದಿದ್ದೀರಿ. ಅದಕ್ಕೇ ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ನಿಂತಾಗ ಅವಳ ಕೈಗಳು ಎಲ್ಲಿದ್ದವು? ಬೆನ್ನ ಹಿಂದೆ ಇದ್ದವೇ?

ಕೇರಿಯ ಮಕ್ಕಳಿಗೆ ನಡೆಯಲು ಕಲಿಸುವಾಗಲೇ ಇನ್ನೊಂದನ್ನೂ ಕಲಿಸುತ್ತಾರೆ: ದೊಡ್ಡವರ ಸಾಮಾನು ಕಂಡರೆ ಕೈ ಹಿಂದಕ್ಕೆ. ಆದರೆ ಮಾಳಿ ನಿಮ್ಮನ್ನು ನೋಡಿ ನಕ್ಕಿದ್ದಾಳೆ. ನಕ್ಕವಳು ಕೈಯನ್ನೂ ಮುಂದೆ ಚಾಚಿರಬೇಕು ಎಂದು ನನಗೆ ಅನಿಸುತ್ತದೆ. ಆಮೇಲೆ ಯಾಕೆ ಹಿಂದಕ್ಕೆ ತೆಗೆದುಕೊಂಡಳೋ ನನಗೆ ಹೊಳೆಯುತ್ತಿಲ್ಲ.

ಮತ್ತೊಮ್ಮೆ ನೋಡಲು ಸಾಧ್ಯವೇ?

ದೇವೀಂದ್ರಪ್ಪ

✻

ಆಳಂದ
2 ಜನವರಿ 1945

ಮಾಸ್ತರರಿಗೆ,

ನಿಮ್ಮ ಪ್ರಶ್ನೆ ನನಗೆ ಹಿಡಿಸಲಿಲ್ಲ. ಕೈ ಎಲ್ಲಿತ್ತು, ಕಾಲು ಎಲ್ಲಿತ್ತು ಎಂದು ಕೇಳುವುದರ ಅರ್ಥ ನನಗೆ ತಿಳಿಯದೆ ಇಲ್ಲ. ನಾನು ಈ ವಿದ್ಯೆ ಕಲಿತು ಬಂದವಳು. ಅವಳ ಜಾತಿ ನೋಡಿ ಅಂಕ ಹಾಕಿದೆ ಎಂದು ನಿಮ್ಮ ಮನಸ್ಸಿನಲ್ಲಿದ್ದರೆ ನೇರವಾಗಿ ಬರೆಯಿರಿ. ನಮ್ಮ ಮನೆಯಲ್ಲಿ ಹರಿಜನರ ಮಕ್ಕಳಿಗೆ ಪಾಟಿ ಪುಸ್ತಕ ಕೊಡಿಸಿದ್ದೇವೆ, ಹಬ್ಬಕ್ಕೆ ಹೋಳಿಗೆ ಕಳಿಸಿದ್ದೇವೆ. ನಿಮಗೆ ಕರುಣೆ ಹೆಚ್ಚು, ಒಪ್ಪಿದೆ. ಕರುಣೆಯಿಂದ ಇಲ್ಲದ ಬುದ್ಧಿ ಬರುವುದಿಲ್ಲ. ಆ ಜನರಲ್ಲಿ ಮಕ್ಕಳ ಬುದ್ಧಿ ಬೆಳೆಸುವ ವಾತಾವರಣವೇ ಇಲ್ಲ, ಅದು ಯಾರ ತಪ್ಪೂ ಅಲ್ಲ.

ಮತ್ತೆ ಪರೀಕ್ಷೆ ಮಾಡಲು ಬರುವುದಿಲ್ಲ. ಪರೀಕ್ಷೆ ಮಾಡಿದವರೇ ತಮ್ಮ ತಪ್ಪನ್ನು ಬರೆದು ಒಪ್ಪಿಕೊಂಡರೆ ಮಾತ್ರ ಎರಡನೆಯ ಸಲ ಎಂಬುದು ಡಾಕ್ಟರರ ನಿಯಮ. ನನ್ನಿಂದ ತಪ್ಪಾಗಿಲ್ಲ.

ಇಷ್ಟು ಬರೆದ ಮೇಲೆ ನನಗೇ ಕೆಡುಕೆನಿಸುತ್ತಿದೆ. ಕಾಗದದಲ್ಲಿ ಜಗಳ ಬೆಳೆಯುತ್ತದೆ. ನೀವು ಈ ಕಡೆ ಬಂದರೆ ತಪ್ಪದೆ ನಮ್ಮ ಮನೆಗೆ ಬನ್ನಿ. ಕಾಶಿಬಾಯಿಯವರ ಕೈಯ ಎಣ್ಣೆಗಾಯಿ ಉಂಡರೆ ನಿಮ್ಮ ಸಿಟ್ಟು ಇಳಿಯುತ್ತದೆ, ನನ್ನದೂ ಇಳಿಯುತ್ತದೆ. ನಮ್ಮ ನಮ್ಮವರಲ್ಲಿ ಮನಸ್ತಾಪ ಬೇಡ.

ಸುಮಿತ್ರಾಬಾಯಿ

✻

ನೆಲೋಗಿ
18 ಫೆಬ್ರುವರಿ 1945

ಸುಮಿತ್ರಾಬಾಯಿಯವರಿಗೆ ನಮಸ್ಕಾರ.

ಶಿವರಾತ್ರಿಯ ಸೂಟಿಯಲ್ಲಿ ಕರಜಗಿಗೆ ಹೋಗಿದ್ದೆ. ನಿಮ್ಮ ನಕ್ಷತ್ರದ ತುಂಡು ಸಿಕ್ಕಿತು. ಮಾಳಿಯ ಬಳಿ ಇದೆ.

ಕೇರಿಯಲ್ಲಿ ಈಗ ಹೊಸ ಆಟ ನಡೆದಿದೆ. ಮಾಳಿ ನೆಲದ ಮೇಲೆ ಇದ್ದಿಲಿನಿಂದ ಗೂಡು ಬರೆಯುತ್ತಾಳೆ. ಗುಂಡು, ಚೌಕ, ಮೂರು ಮೂಲೆ, ಕೊನೆಗೆ ನಕ್ಷತ್ರ. ಒಮ್ಮೆ ಮಾತ್ರ ನೋಡಿದ ಹಲಗೆ ಅದು. ಅವ್ವನ ಸೀರೆ ಸುತ್ತಿಕೊಂಡು, ಸೆರಗು ತಲೆ ಮೇಲೆ ಹೊದ್ದುಕೊಂಡು, ಬೆರಳು ಮಡಿಸಿ ಕನ್ನಡಕ ಮಾಡಿಕೊಂಡು, ಎತ್ತರದಲ್ಲಿ ಕೂಡುತ್ತಾಳೆ. ಅವಳೇ ಬಾಯಿಯವರು. ಉಳಿದವರು ಒಬ್ಬೊಬ್ಬರಾಗಿ ಮುಂದೆ ಬರಬೇಕು. ಬಂದವರನ್ನು ನೋಡಿ ನಗುತ್ತಾಳೆ, ತುಂಡನ್ನು ಮುಂದೆ ಚಾಚುತ್ತಾಳೆ. ಮಗು ತೆಗೆದುಕೊಳ್ಳಲು ಕೈ ತಂದೊಡನೆ, ಕೆಂಡ ತಾಗಿದವರ ಹಾಗೆ ತನ್ನ ಕೈಯನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ತುಂಡು ನೆಲಕ್ಕೆ ಬೀಳುತ್ತದೆ. ಆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಾಳೆ. ಆಮೇಲೆ ಅಂಗೈ ಮೇಲೆ ಏನೋ ಬರೆದಂತೆ ಮಾಡಿ, ಹೋಗು ಎಂದು ಬೆರಳು ತೋರಿಸುತ್ತಾಳೆ. ಕೇರಿಯ ಮಕ್ಕಳೆಲ್ಲ ಈಗ ನಾಪಾಸಾಗಿದ್ದಾರೆ. ನಾನೂ ಕೂತೆ, ನಾನೂ ನಾಪಾಸು.

"ಏನು ಆಟೋ ತಮ್ಮಾ ಇದು, ಕೊಡೋದು ಕಸಗೊಳ್ಳೋದು?" ಎಂದು ದ್ರೌಪದಿ ಕೇಳಿದಳು.

ಅವಳು ನನ್ನನ್ನು ತಮ್ಮಾ ಅಂದದ್ದು ಯಾಕೆಂದರೆ ಅವಳು ನನ್ನ ಸ್ವಂತ ಅಕ್ಕ. ಮಾಳಿ ನನ್ನ ಸೋದರಸೊಸೆ. ಸೋದರಮಾವನ ಮಾತು ಎಂದು ನೀವು ತಳ್ಳಿಹಾಕಬಾರದೆಂದು ಮೊದಲ ಕಾಗದದಲ್ಲಿ ಮುಚ್ಚಿಟ್ಟೆ. ಒಳ್ಳೆಯ ಮನೆತನ, ನಮ್ಮವರು ಎಂದು ನೀವು ಬರೆದಾಗಲೂ ತಿದ್ದಲಿಲ್ಲ. ನೀವು ನನ್ನನ್ನು ಯಾರೆಂದು ತಿಳಿದು ಮಾತಾಡುತ್ತಿದ್ದಿರೋ ಆ ಮನುಷ್ಯ ನಾನಾಗಿರುವುದು ನನಗೂ ಹಿತವಾಗಿತ್ತು, ಅದಕ್ಕೆ ನನಗೆ ನಾಚಿಕೆಯಿದೆ. ನಾನು ಓದಿದ್ದು ಸೊಲ್ಲಾಪುರದಲ್ಲಿ ಕೇರಿಯ ಹುಡುಗರಿಗೆಂದೇ ಇದ್ದ ಬೋರ್ಡಿಂಗಿನಲ್ಲಿ. ನನ್ನ ಶಾಲೆ ಮರದ ಕೆಳಗೆ ನಡೆಯುವುದು ಕಟ್ಟಡ ಇಲ್ಲವೆಂದಲ್ಲ. ಕಟ್ಟಡ ಇದೆ, ಅದರೊಳಗೆ ನಮ್ಮನ್ನು ಬಿಡುವುದಿಲ್ಲ.

ಎಣ್ಣೆಗಾಯಿಯ ಮಾತು ಇನ್ನೂ ಹಾಗೇ ಇದೆಯೇ ಎಂದು ನಾನು ಕೇಳುವುದಿಲ್ಲ.

ದೇವೀಂದ್ರಪ್ಪ

✻

ಆಳಂದ
27 ಮಾರ್ಚ್ 1945

ದೇವೀಂದ್ರಪ್ಪನವರಿಗೆ,

ಶರಣು ಎಂದು ಬರೆಯಲು ಕೈ ಬರುತ್ತಿಲ್ಲ. ತಿಂಗಳ ಮೇಲಾಯಿತು, ಬರೆದು ಬರೆದು ಹರಿದಿದ್ದೇನೆ. ನನ್ನ ಹಳೆಯ ಕಾಗದಗಳು ನಿಮ್ಮ ಬಳಿ ಇವೆ ಎಂದು ನೆನೆದರೆ ಮೈಯೆಲ್ಲ ಹಿಡಿಯಾಗುತ್ತದೆ. ಆ ಜನ ಎಂದು ಬರೆದೆನಲ್ಲ, ಯಾರಿಗೆ ಬರೆದೆ ನಾನು! ಹೋಳಿಗೆ ಕಳಿಸಿದ ಲೆಕ್ಕ ಬೇರೆ ಹೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಆಯಿತು ನನ್ನ ಗತಿ.

ಮಾಳಿ ಆಡುತ್ತಿರುವುದು ನಿಜ. ಒಂದು ಚೂರೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವಳನ್ನು ಕರೆಯುವ ಮೊದಲು ಶಾಂತಲಿಂಗಪ್ಪನವರು, "ಬಾಯಾರ, ಆಕಿ ಕೈಲಿಂದ ಹಲಗಿ ಮುಟ್ಟಸಬ್ಯಾಡ್ರಿ, ನಾಳಿ ಉಳಿದ ಹುಡುಗ್ರು ಮುಟ್ಟಂಗಿಲ್ಲ" ಎಂದರು. ನಾನು ಅವರನ್ನು ಗದರಿದೆ. ಗದರಿ ದೊಡ್ಡವಳಾದೆ ಎಂದುಕೊಂಡು ನಕ್ಷತ್ರ ಎತ್ತಿ ಕೊಟ್ಟೆ. ಮಾಳಿಯ ಬೆರಳು ನನ್ನ ಬೆರಳಿಗೆ ತಾಗುವ ಹೊತ್ತಿಗೆ ನನ್ನ ಕೈ ತಾನೇ ಹಿಂದಕ್ಕೆ ಬಂತು. ನಾನು ಎಳೆದುಕೊಳ್ಳಲಿಲ್ಲ ಎಂದು ಮೊದಲು ನನಗೇ ಹೇಳಿಕೊಂಡೆ. ಮತ್ತೆ ಯಾರು ಎಳೆದರು? ಸೀರೆಗೆ ಒರೆಸಿಕೊಂಡದ್ದು ನನಗೆ ನೆನಪೇ ಇರಲಿಲ್ಲ, ನಿಮ್ಮ ಕಾಗದ ಓದಿದ ಮೇಲೆ ನೆನಪಾಯಿತು. ತುಂಡು ಕಳೆಯಲೂ ಇಲ್ಲ. ಅವಳ ಪಾದದ ಮೇಲೆ ಬಿತ್ತು. "ಇನ್ನ ಅದು ಆಕೀದಽ ಆತು, ಬಿಡ್ರಿ" ಎಂದು ಹೆಡ್‌ಮಾಸ್ತರರು ಅಂದರು, ನಾನು ಸುಮ್ಮನೆ ಬಿಟ್ಟು ಬಂದೆ.

ಇನ್ನೂ ಒಂದಿದೆ. ನಿಮ್ಮ ಕಾಗದ ಬಂದ ವಾರದಲ್ಲೇ ಮರುಪರೀಕ್ಷೆ ಬೇಕೆಂದು ಡಾಕ್ಟರರಿಗೆ ಬರೆದೆ. ಕಾರಣ ಏನು ಕೊಟ್ಟೆ ಗೊತ್ತೇ? ಕಟ್ಟೆಯ ಮೇಲೆ ಬೆಳಕು ಸಾಲದಾಗಿತ್ತು ಎಂದೆ! ಡಿಸೆಂಬರಿನ ನಡುಹಗಲು. ಅವರು ಒಂದೇ ಸಾಲಿನಲ್ಲಿ ಇಲ್ಲ ಎಂದು ಬರೆದರು. ಅಲ್ಲಿಗೆ ಬಿಟ್ಟಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಮಾಳಿ ದನದ ಮನೆಗೆ ಹೋಗುತ್ತಿದ್ದಳು. ಹದಿನೈದು ದಿನ ಹಾಗೇ ಬಿಟ್ಟಿದ್ದೆ ಕೂಡ. ನಿನ್ನೆ ಇದ್ದದ್ದು ಇದ್ದ ಹಾಗೆ ಬರೆದು ಟಪ್ಪಾಲಿಗೆ ಹಾಕಿ ಬಂದೆ. ಕೈ ಎಳೆದದ್ದು, ಒರೆಸಿದ್ದು, ಬೆಳಕಿನ ಸುಳ್ಳು, ಎಲ್ಲ.

ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ.

ಸುಮಿತ್ರಾ

✻

ನೆಲೋಗಿ
20 ಏಪ್ರಿಲ್ 1945

ಬಾಯಿಯವರಿಗೆ ನಮಸ್ಕಾರ.

ಡಾಕ್ಟರರು ನನಗೇ ಬರೆದಿದ್ದಾರೆ. ಮೇ ನಾಲ್ಕಕ್ಕೆ ಆಳಂದಕ್ಕೆ ಬಂದು ತಾವೇ ಪರೀಕ್ಷೆ ಮಾಡುತ್ತಾರಂತೆ. ಮಾಳಿಯನ್ನು ಕರೆದುಕೊಂಡು ಬರುತ್ತೇನೆ. ತುಂಡು ಅವಳ ಬಳಿಯೇ ಇರುತ್ತದೆ, ಕೇಳಿದರೆ ನನಗೂ ಕೊಡುವುದಿಲ್ಲ.

ನಿಮ್ಮ ಕಾಗದ ಓದಿದೆ.

ದೇವೀಂದ್ರಪ್ಪ

✻

ಆಳಂದ
6 ಮೇ 1945

ದೇವೀಂದ್ರಪ್ಪನವರಿಗೆ,

ಮಾಳಿ ಪಾಸಾಗಿದ್ದಾಳೆ, ಜೂನಿಗೆ ಗುಲಬರ್ಗಾದ ಶಾಲೆಯಲ್ಲಿ ಜಾಗವಿದೆ ಎಂದು ಡಾಕ್ಟರರೇ ಹೊರಗೆ ಬಂದು ನಿಮಗೆ ಹೇಳಿದರು. ನೀವು ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಂಡದ್ದನ್ನು ಕಿಟಕಿಯಿಂದ ನೋಡಿದೆ. ಆದರೆ ಒಳಗೆ ಆದದ್ದು ನಿಮಗೆ ಗೊತ್ತಿಲ್ಲ. ಮನೆಯವರು ಹೊರಗೇ ಇರಬೇಕೆಂಬ ನಿಯಮ. ನಾನು ಹೇಳದಿದ್ದರೆ ನಿಮಗೆ ತಿಳಿಯುವುದೇ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಡಾಕ್ಟರರು ನನ್ನನ್ನು ಮೂಲೆಯಲ್ಲಿ ಕೂಡಿಸಿದ್ದರು. ಅವರು ಒಂದೊಂದೇ ತುಂಡು ಅವಳ ಅಂಗೈಯಲ್ಲಿಟ್ಟರು. ಮೊದಲನೆಯದಕ್ಕೆ ಅಳುಕಿದಳು, ಅವರ ಕೈ ಅಲ್ಲೇ ಇತ್ತು, ತೆಗೆದುಕೊಂಡಳು. ಆಮೇಲೆ ಟಪಟಪ ಕೂಡಿಸಿಬಿಟ್ಟಳು. ನಾನು ನೋಡಿದ ಯಾವ ಮಗುವೂ ಅಷ್ಟು ಬೇಗ ಕೂಡಿಸಿಲ್ಲ. ಕೊನೆಗೆ ನಕ್ಷತ್ರದ ಗೂಡು ಖಾಲಿ ಉಳಿಯಿತು. "ಬಾಯಿಯವರಿಗೆ ಕೊಡವ್ವ ಅದನ್ನ" ಎಂದು ಡಾಕ್ಟರರು ಬೇಕೆಂದೇ ನನ್ನ ಕಡೆ ತೋರಿಸಿದರು. ಅವಳು ಲಂಗದ ಗಂಟು ಬಿಚ್ಚಿ ತುಂಡು ತೆಗೆದಳು, ನನ್ನ ಹತ್ತಿರ ಬಂದು ನಕ್ಕು ಕೈ ಚಾಚಿದಳು. ನಾನು ಎರಡೂ ಕೈ ಮುಂದೆ ತಂದೆ. ಅವಳು ಸರಕ್ಕನೆ ಕೈ ಎಳೆದುಕೊಂಡಳು. ತುಂಡು ನನ್ನ ಕಾಲ ಮೇಲೆ ಬಿತ್ತು.

ಸಿಟ್ಟಿನಿಂದಲ್ಲ ದೇವೀಂದ್ರಪ್ಪನವರೇ. ಸಿಟ್ಟಾಗಿದ್ದರೆ ನಾನು ಸಹಿಸುತ್ತಿದ್ದೆ. ಆಟವನ್ನು ಸರಿಯಾಗಿ ಆಡಿದೆನೆಂದು ಅವಳ ಮುಖ ಅರಳಿತ್ತು. ಕೊಡುವುದೆಂದರೆ ಹಾಗೇ ಎಂದು ಅವಳಿಗೆ ಕಲಿಸಿದವಳು ನಾನು. ಬಗ್ಗಿ ಎತ್ತಿಕೊಂಡೆ. ಸಂಜೆ ಡಾಕ್ಟರರು ಕರೆದು, ವರ್ಷದ ಮಟ್ಟಿಗೆ ನಾನು ಹಳ್ಳಿಗಳಿಗೆ ಹೋಗಕೂಡದೆಂದು ಹೇಳಿದರು. ಸರಿಯೇ ಇದೆ.

ಇನ್ನು ಊಟದ ಮಾತು. ನಿಮ್ಮಿಬ್ಬರಿಗೂ ಕಚೇರಿಯ ಪಡಸಾಲೆಯಲ್ಲೇ ಬುತ್ತಿ ತರಿಸಿದೆ. ಬಸ್ಸಿಗೆ ಹೊತ್ತಾಗುತ್ತದೆ, ಮನೆಗೆ ಹೋಗಿ ಬರಲು ಸಮಯವಿಲ್ಲ ಎಂದೆ. ಸಮಯ ಇತ್ತು. ಹಿಂದಿನ ದಿನ ಕಾಶಿಬಾಯಿಯವರಿಗೆ ಹೇಳಬೇಕೆಂದು ಅಡುಗೆಮನೆಯ ಬಾಗಿಲತನಕ ಹೋಗಿ, "ನಾಳಿ ಯಾರ್ ಬರಾಕತ್ತಾರಬೇ?" ಎಂದು ಅವರೇ ಕೇಳಿದಾಗ, "ಯಾರೂ ಇಲ್ಲ" ಎಂದು ತಿರುಗಿ ಬಂದೆ. ಅಷ್ಟೆಲ್ಲ ಬರೆದು ಒಪ್ಪಿಕೊಂಡ ಮೇಲೂ ಇದು ನನ್ನ ಕೈಯಲ್ಲಿ ಆಗಲಿಲ್ಲ. ಥೂ, ನನ್ನ ಜನ್ಮಕ್ಕೆ! ನೀವು ಬುತ್ತಿ ಉಂಡು, ಎಲೆ ನೀವೇ ಎತ್ತಿ, ಜಾಗ ಒರೆಸಿ ಹೋದಿರಿ. ಆ ಜಾಗ ದಾಟಿ ಓಡಾಡುವುದೇ ನನಗೆ ಕಷ್ಟವಾಗಿದೆ.

ನಿಮ್ಮನ್ನು ಮತ್ತೆ ಕರೆಯಲು ನನಗೆ ಬಾಯಿಲ್ಲ.

ಸುಮಿತ್ರಾ

✻

ಕರಜಗಿ
19 ಮೇ 1945

ಸುಮಿತ್ರಾಬಾಯಿಯವರಿಗೆ ನಮಸ್ಕಾರ.

ಸಮಯ ಇತ್ತು ಎಂದು ನನಗೆ ಅಂದೇ ಗೊತ್ತಿತ್ತು. ನಮ್ಮ ಬಸ್ಸು ಹೊರಟದ್ದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿಯತನಕ ನಾವು ಬೇವಿನ ಮರದ ಕೆಳಗೆ ಕೂತಿದ್ದೆವು. ನೀವು ಬರೆಯದಿದ್ದರೆ ನಾನು ಮತ್ತೆ ಕಾಗದ ಹಾಕುತ್ತಿರಲಿಲ್ಲ.

ಮಾಳಿ ಈಗ ಎಲ್ಲರಿಗೂ ಹಾಗೇ ಕೊಡುತ್ತಾಳೆ. ಅಪ್ಪನಿಗೆ ಉಳಿ ಕೊಟ್ಟರೂ ಹಾಗೇ, ಅವ್ವನಿಗೆ ರೊಟ್ಟಿ ಕೊಟ್ಟರೂ ಹಾಗೇ. ಕೈ ಎಳೆದುಕೊಳ್ಳುತ್ತಾಳೆ, ಕೆಳಗೆ ಬೀಳುತ್ತದೆ. ಅಕ್ಕ ಮೊದಮೊದಲು ನಕ್ಕಳು, ಈಗ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಾಳೆ. ನಾವು ಬಿಡಿಸಲು ನೋಡಿದೆವು, ನಮ್ಮಿಂದ ಆಗಲಿಲ್ಲ. ಬಾಯಿಯವರು ಕಲಿಸಿದ್ದು ಎಂದರೆ ಅವಳಿಗೆ ಅದೇ ಖರೆ.

ಡಾಕ್ಟರರು ಹಳ್ಳಿಗೆ ಹೋಗಬೇಡಿ ಎಂದದ್ದು ಪರೀಕ್ಷೆಗೆ. ಊಟಕ್ಕೆ ಬರಬಾರದೆಂದು ಅಂದಿರಲಾರರು. ಜೂನ್ ಒಂದಕ್ಕೆ ಮಾಳಿ ಗುಲಬರ್ಗಾಕ್ಕೆ ಹೋಗುತ್ತಾಳೆ, ಅದರೊಳಗೆ ಒಮ್ಮೆ ಬನ್ನಿ. ಅಕ್ಕ ರೊಟ್ಟಿ ಬಡಿಯುತ್ತಾಳೆ, ಮಾಳಿ ನೀಡುತ್ತಾಳೆ. "ಆಕಿ ಕೊಡೂತನಾ ಕಾಯಬ್ಯಾಡ್ರಿ, ಮೊದಲಽ ಆಕಿ ಕೈ ಹಿಡಕೊಳ್ರಿ ಅಂತ ಬರಿ" ಎಂದು ಅಕ್ಕ ಪಕ್ಕದಲ್ಲೇ ಕೂತು ಹೇಳುತ್ತಿದ್ದಾಳೆ. ಬರೆದಿದ್ದೇನೆ.

ದೇವೀಂದ್ರಪ್ಪ